ಮೇಲ್ಪಂಕ್ತಿ ನೋಡಿ ಬರೆದ ಆಟಗಳು

ಅನುಕರಣವೆಂದೊಡನೆ ಮೂಗು ಮುರಿಯುವುದು ನಮ್ಮಲ್ಲಿ ವಾಡಿಕೆ. ಆದರೆ ಮೇಲ್ಪಂಕ್ತಿ ನೋಡಿ ತಿದ್ದದೆ ಅಕ್ಷರ ಕಲಿತವರು ಯಾರಿದ್ದಾರೆ? ಮನೆಯ ಕಂಪ್ಯೂಟರಿನ ಬಾಲ್ಯದಲ್ಲಿಯೂ ಇಂಥ ತಿದ್ದುವಿಕೆಯ ಅಧ್ಯಾಯವೊಂದುಂಟು.

1978ರಲ್ಲಿ ಜಪಾನಿನ ಟೈಟೊ ಸಂಸ್ಥೆಯ ತೊಮೊಹಿರೊ ನಿಶಿಕಾಡೊ ಎಂಬವರು 'ಸ್ಪೇಸ್ ಇನ್ವೇಡರ್ಸ್' ಎಂಬ, ನಾಣ್ಯ ಹಾಕಿ ಆಡುವ ಯಂತ್ರವನ್ನು ನಿರ್ಮಿಸಿದರು. ಐದು ಸಾಲುಗಳಲ್ಲಿ 55 ಶತ್ರುಗಳು ಅತ್ತಿತ್ತ ಸರಿಯುತ್ತ ಆಕಾಶದಿಂದ ಇಳಿಯುವರು. ಆಡುವವನು ಕೆಳಗಿನಿಂದ ಅವರನ್ನು ಹೊಡೆದು ಕೆಡಹಬೇಕು. ಸಂಖ್ಯೆ ಕುಗ್ಗಿದಂತೆ ಉಳಿದವರ ವೇಗ ಹೆಚ್ಚುವುದೇ ಆಟದ ಜೀವಾಳ. ವಿಚಿತ್ರವೆಂದರೆ, ಇದು ಮೊದಲೇ ಯೋಜಿಸಿದ್ದಲ್ಲ. ಯಂತ್ರದ ಶಕ್ತಿ ಸಾಲದೆ ಸಲಕ್ಕೊಬ್ಬನಂತೆ ಸರಿಸಬೇಕಾಗಿತ್ತು. ಮಂದಿ ಕಡಿಮೆಯಾದಷ್ಟೂ ಸರದಿ ಬೇಗ ಬರುತ್ತಿತ್ತು. ಈ ಕೊರತೆಯನ್ನೇ ನಿಶಿಕಾಡೊ ಆಟದ ಗುಣವಾಗಿ ಉಳಿಸಿಕೊಂಡರು.

ಅದೇ ಕಾಲದಲ್ಲಿ ಕಂಪ್ಯೂಟರು ಮನೆಯೊಳಕ್ಕೆ ಕಾಲಿಟ್ಟಿತು. 1977ರಲ್ಲಿ ಅಮೆರಿಕದ ಆಪಲ್-2 ಬಂದಿತು. 1981ರಲ್ಲಿ ಬ್ರಿಟನ್ನಿನ ಸಿಂಕ್ಲೇರ್ ಜೆಡ್‌ಎಕ್ಸ್-81. ಈ ಎರಡನೆಯದಕ್ಕೆ ಬಣ್ಣವಿಲ್ಲ, ಧ್ವನಿಯಿಲ್ಲ. ಇದ್ದ ನೆನಪಿನ ಶಕ್ತಿ 1024 ಬೈಟು, ಅಂದರೆ ಇಂಗ್ಲಿಷಿನ ಅರ್ಧ ಪುಟದ ಬರಹದಷ್ಟು. ಆದರೂ ಹುಡುಗರು ಎದೆಗುಂದಲಿಲ್ಲ. ಪತ್ರಿಕೆಗಳಲ್ಲಿ ಅಚ್ಚಾದ ಆಜ್ಞೆಗಳನ್ನು ಸಾಲುಸಾಲಾಗಿ ಬೆರಳಚ್ಚಿಸಿ, ಕ್ಯಾಸೆಟ್ಟಿನಲ್ಲಿ ಕಾಪಿಟ್ಟರು. ಒಂದು ಅಂಕಿ ತಪ್ಪಿದರೆ ಇಡೀ ಸಂಜೆಯ ಶ್ರಮ ವ್ಯರ್ಥ! ತಪ್ಪು ಹುಡುಕುತ್ತ ಹುಡುಕುತ್ತಲೇ ಅವರು ವಿದ್ಯೆ ಕಲಿತರು. ಎಲ್ಲ ಶತ್ರುಗಳನ್ನೂ ಒಮ್ಮೆಗೇ ಸರಿಸಿದ ಅನುಕರಣಕಾರನಿಗೆ ಆ ಹೆಚ್ಚುವ ವೇಗ ತಾನಾಗಿ ಒದಗುತ್ತಿರಲಿಲ್ಲ. ಲೆಕ್ಕ ಹಾಕಿ ತರಬೇಕಾಗಿತ್ತು. ಮೂಲದ ಮರ್ಮ ತಿಳಿಯದೆ ಒಳ್ಳೆಯ ನಕಲೂ ಸಾಧ್ಯವಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಹಾಗಾದರೆ ಮೂಲಕರ್ತನ ಹಕ್ಕೇನು? ಅಟಾರಿ ಸಂಸ್ಥೆ 1980ರಲ್ಲಿ ಅನುಮತಿ ಪಡೆದೇ ಈ ಆಟವನ್ನು ತನ್ನ ಟೆಲಿವಿಷನ್ ಯಂತ್ರಕ್ಕೆ ತಂದಿತು. ಅದೇ ವರ್ಷ ಆಪಲ್-2ಕ್ಕಾಗಿ ಬಂದ 'ಆಪಲ್ ಗ್ಯಾಲಾಕ್ಸಿಯನ್' ನಾಮ್ಕೊ ಸಂಸ್ಥೆಯ 1979ರ ಆಟದ ರೂಪವನ್ನೂ ಹೆಸರನ್ನೂ ಎರವಲು ಪಡೆದಿತ್ತು. ಬಳಿಕ 'ಏಲಿಯನ್ ರೇನ್' ಎಂದು ಹೆಸರು ಬದಲಿಸಿಕೊಂಡಿತು. ಅಂಗಡಿ ಯಂತ್ರಗಳ ವಿವಾದವೊಂದು 1981ರಲ್ಲಿ ಅಮೆರಿಕದ ಮೇರಿಲ್ಯಾಂಡಿನ ನ್ಯಾಯಾಲಯಕ್ಕೆ ಹೋಯಿತು. ಅಟಾರಿಯ 'ಆಸ್ಟರಾಯ್ಡ್ಸ್' ಆಟಕ್ಕೂ ಮತ್ತೊಂದು ಸಂಸ್ಥೆಯ 'ಮೀಟಿಯರ್ಸ್' ಆಟಕ್ಕೂ ಹೋಲಿಕೆಗಳು ಹಲವಿದ್ದರೂ, ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ, ಅದನ್ನು ಮೂಡಿಸಿದ ರೂಪಕ್ಕೆ ಮಾತ್ರ ಉಂಟೆಂದು ಎಣಿಸಿ, ನ್ಯಾಯಾಲಯ ಅಟಾರಿಯ ದಾವೆಯನ್ನು ಒಪ್ಪಲಿಲ್ಲ.

ಈ ಅಲೆ ನಮ್ಮ ದೇಶವನ್ನೂ ಮುಟ್ಟದಿರಲಿಲ್ಲ. 1984ರಲ್ಲಿ ಆರಂಭವಾದ ಸರಕಾರದ 'ಕ್ಲಾಸ್' ಯೋಜನೆಯಿಂದ ಬಿಬಿಸಿ ಮೈಕ್ರೊ ಯಂತ್ರಗಳು ಶಾಲೆಗಳಿಗೆ ಬಂದವು.

ನಕಲನ್ನು ಆಡಿ ಬೆಳೆದ ಎಷ್ಟೋ ಮಕ್ಕಳಿಗೆ ನಿಶಿಕಾಡೊ ಎಂಬ ಹೆಸರೇ ತಿಳಿಯದು. ನ್ಯಾಯಾಲಯದಲ್ಲಿ ತೀರದ ಋಣವೆಂದರೆ ಇದೇ. ಊರು ಬಿಟ್ಟು ಬಂದ ನಾವು ನಮ್ಮ ಮಕ್ಕಳಿಗೆ ಕನ್ನಡದ ಅಕ್ಷರಗಳನ್ನು ತಿದ್ದಿಸುತ್ತಿದ್ದೇವೆ. ತಿದ್ದಿದ ಕೈ ನಾಳೆ ಸ್ವಂತ ವಾಕ್ಯ ಬರೆಯಲಿ. ಆದರೆ ಮೇಲ್ಪಂಕ್ತಿ ಹಾಕಿಕೊಟ್ಟವರನ್ನು ಮರೆಯದಿರಲಿ.