ಮೀಸೋಥೀಲಿಯೋಮಾ: ದಶಕಗಳ ನಂತರ ಕಾಡುವ ಕಲ್ನಾರಿನ ಧೂಳು

ಶ್ವಾಸಕೋಶವನ್ನೂ ಎದೆಗೂಡಿನ ಒಳಭಾಗವನ್ನೂ ಆವರಿಸಿರುವ ತೆಳುಪೊರೆಗೆ ಪ್ಲೂರಾ ಎಂದು ಹೆಸರು. ಈ ಪೊರೆಯಲ್ಲಿ ಹುಟ್ಟುವ ಕ್ಯಾನ್ಸರೇ ಮೀಸೋಥೀಲಿಯೋಮಾ. ಇದಕ್ಕೆ ಧೂಮಪಾನ ಕಾರಣವಲ್ಲ. ಮುಖ್ಯ ಕಾರಣ ಕಲ್ನಾರು, ಅಂದರೆ ಆಸ್ಬೆಸ್ಟಾಸ್. ದಕ್ಷಿಣ ಆಫ್ರಿಕಾದ ನೀಲಿ ಕಲ್ನಾರು ಗಣಿಗಳ ಸೀಮೆಯಲ್ಲಿ ಕಂಡುಬಂದ ರೋಗಿಗಳ ವಿವರವನ್ನು 1960ರಲ್ಲಿ ವ್ಯಾಗ್ನರ್ ಮತ್ತು ಸಂಗಡಿಗರು ಪ್ರಕಟಿಸಿದಾಗ ಈ ನಂಟು ಬೆಳಕಿಗೆ ಬಂದಿತು.

ಧೂಳು ಒಳಸೇರಿದ ಮೇಲೆ ರೋಗ ಪ್ರಕಟವಾಗಲು ಸಾಮಾನ್ಯವಾಗಿ 20ರಿಂದ 50 ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಕಾರ್ಮಿಕ ನಿವೃತ್ತನಾಗಿ, ಹಳೆಯ ಕೆಲಸವನ್ನೇ ಮರೆತಿರುವುದುಂಟು.

ರೋಗ ಪತ್ತೆ

ಏದುಸಿರು, ಎದೆನೋವು, ತೂಕ ಇಳಿಕೆ, ಎದೆಯಲ್ಲಿ ನೀರು ತುಂಬುವಿಕೆ ಪ್ರಮುಖ ಲಕ್ಷಣಗಳು. ಭಾರತದಲ್ಲಿ ಎದೆಯಲ್ಲಿ ನೀರು ತುಂಬಲು ಕ್ಷಯವೂ ಸಾಮಾನ್ಯ ಕಾರಣವಾದ್ದರಿಂದ ಅನುಮಾನ ಮೊದಲು ಅತ್ತ ಹೊರಳುವುದು ಸಹಜ. ಎಕ್ಸ್‌ರೇ, ಸಿ.ಟಿ. ಸ್ಕ್ಯಾನ್‌ಗಳು ಸುಳಿವು ನೀಡುತ್ತವೆ. ಹೊರತೆಗೆದ ನೀರಿನ ಪರೀಕ್ಷೆಯೊಂದೇ ಅನೇಕ ವೇಳೆ ಸಾಲದು. ಥೊರಾಕೋಸ್ಕೋಪಿ ಮೂಲಕ ಪೊರೆಯ ತುಣುಕನ್ನು ತೆಗೆದು ನಡೆಸುವ ಬಯಾಪ್ಸಿಯೇ ಹೆಚ್ಚು ವಿಶ್ವಾಸಾರ್ಹ. ಎಪಿಥೀಲಿಯಾಯ್ಡ್, ಸಾರ್ಕೊಮಟಾಯ್ಡ್, ಇವೆರಡೂ ಬೆರೆತದ್ದು ಎಂಬ ಮೂರು ಬಗೆಗಳಲ್ಲಿ ರೋಗ ಯಾವುದೆಂಬುದೂ ಇದರಿಂದಲೇ ತಿಳಿಯುತ್ತದೆ.

ಚಿಕಿತ್ಸೆ, ಆಯಸ್ಸು

ಬಹುತೇಕ ರೋಗಿಗಳಲ್ಲಿ ಕಾಯಿಲೆ ಪೂರ್ಣ ಗುಣವಾಗುವುದಿಲ್ಲ. ಪೆಮೆಟ್ರೆಕ್ಸೆಡ್, ಸಿಸ್ಪ್ಲಾಟಿನ್ ಔಷಧಗಳ ಜೋಡಿಗೆ ಅಮೆರಿಕದಲ್ಲಿ 2004ರಲ್ಲಿ ಅನುಮತಿ ದೊರೆಯಿತು. ರೋಗನಿರೋಧಕ ಶಕ್ತಿಯನ್ನು ಚುರುಕುಗೊಳಿಸುವ ನಿವೊಲುಮ್ಯಾಬ್, ಇಪಿಲಿಮುಮ್ಯಾಬ್ ಜೋಡಿಗೆ 2020ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿತು. 605 ರೋಗಿಗಳ ಪ್ರಯೋಗದಲ್ಲಿ ಈ ಜೋಡಿಯನ್ನು ಪಡೆದವರ ಮಧ್ಯಮ ಆಯಸ್ಸು 18.1 ತಿಂಗಳಾದರೆ, ಕೀಮೋಥೆರಪಿ ಪಡೆದವರದು 14.1 ತಿಂಗಳು. ಸಾರ್ಕೊಮಟಾಯ್ಡ್ ಮತ್ತು ಮಿಶ್ರ ಬಗೆಗಳಲ್ಲಿ ಲಾಭ ಹೆಚ್ಚು ಕಂಡಿತು. ಶಸ್ತ್ರಚಿಕಿತ್ಸೆಯ ಮೇಲಿನ ಭರವಸೆ ಮಾತ್ರ ಕುಗ್ಗಿದೆ: ಬ್ರಿಟನ್ನಿನ ಮಾರ್ಸ್ 2 ಪ್ರಯೋಗದ 2024ರ ವರದಿಯಂತೆ, ಕೀಮೋಥೆರಪಿಯ ಜತೆಗೆ ಪೊರೆ ತೆಗೆಸಿಕೊಂಡವರು ಕೀಮೋಥೆರಪಿಯನ್ನಷ್ಟೇ ಪಡೆದವರಿಗಿಂತ ಕಡಿಮೆ ಕಾಲ ಬದುಕಿದರು. ನೀರು ಹೊರತೆಗೆದು, ಅದು ಮತ್ತೆ ತುಂಬದಂತೆ ತಡೆಯುವುದು ಹಾಗೂ ನೋವು ನಿವಾರಣೆ ಚಿಕಿತ್ಸೆಯ ಅವಿಭಾಜ್ಯ ಅಂಗ.

ದಾಖಲೆಯ ಮಹತ್ವ

ಕಲ್ನಾರು ಉದ್ಯಮದ ಕಾರ್ಮಿಕರ ಆರೋಗ್ಯ ದಾಖಲೆಗಳನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ, ಇವುಗಳಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಆದೇಶಿಸಿತು. ರೋಗ ತಡವಾಗಿ ಬರುವುದರಿಂದ, ಪರಿಹಾರ ಕೇಳುವವರಿಗೆ ಆ ಕಡತವೇ ಆಧಾರ. ಕಲ್ನಾರಿನ ಶೀಟು ಕೊಯ್ದವರು, ಕೊಳವೆಗಳಿಗೆ ಶಾಖನಿರೋಧಕ ಸುತ್ತಿದವರು, ಹಡಗು ಒಡೆದವರು ಏದುಸಿರು ಕಾಣಿಸಿದಾಗ ಆ ಹಳೆಯ ಕೆಲಸವನ್ನು ವೈದ್ಯರಿಗೆ ತಾವಾಗಿಯೇ ತಿಳಿಸುವುದು ಅಗತ್ಯ.