ಪಾಲು – ಹಾಲು – ಆಲು: ಕಣೇಕಲ್ಲು ಸೀಮೆಯ ನುಡಿಯೂ ಗಂಟಲ ದನಿಯೂ

ಕಣೇಕಲ್ಲಿನಂಥ ಊರಲ್ಲಿ ಒಂದೇ ಪದಾರ್ಥಕ್ಕೆ ಮೂರು ಹೆಸರು ಕಿವಿಗೆ ಬೀಳುತ್ತವೆ. ತೆಲುಗಿನವರಿಗೆ ಅದು ‘ಪಾಲು’. ಶಾಲೆಯ ಕನ್ನಡ ಪುಸ್ತಕದಲ್ಲಿ ‘ಹಾಲು’. ಮನೆಯಲ್ಲಿ ಅಜ್ಜಿ ಹೇಳುವುದು ‘ಆಲು ಕಾಸೀನಿ, ಕುಡ್ದು ಓಗು’ ಎಂದು. ಮೊದಲನೆಯದು ತುಟಿಯಲ್ಲಿ ಹುಟ್ಟುತ್ತದೆ, ಎರಡನೆಯದು ಗಂಟಲಲ್ಲಿ. ಮೂರನೆಯದರಲ್ಲಿ ಆ ವ್ಯಂಜನವೇ ಉಳಿದಿಲ್ಲ. ಈ ಮೂರು ರೂಪಗಳ ಚರಿತ್ರೆಯನ್ನು ಗಂಟಲಲ್ಲಿ ದನಿ ಹುಟ್ಟುವ ಬಗೆಯೊಂದಿಗೆ ಸೇರಿಸಿ ನೋಡುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ರಾಯದುರ್ಗ ತಾಲ್ಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆದೋನಿ, ಆಲೂರುಗಳ ಜೊತೆ ಅದೂ ಅತ್ತ ಹೋಯಿತು. ಮಡಕಶಿರಾ ಬಹುಕಾಲ ಅನಂತಪುರ ಜಿಲ್ಲೆಯಲ್ಲಿದ್ದು 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಹೀಗೆ ಗೆರೆಗಳು ಬದಲಾದರೂ ಇಲ್ಲಿನ ಮನೆಮಾತು ತನ್ನ ದಾರಿಯಲ್ಲೇ ನಡೆದು ಬಂದಿದೆ.

ಮೊದಲು ದನಿಯ ವಿಚಾರ. ಗಂಡಸರ ಕತ್ತಿನ ಮುಂದೆ ಉಬ್ಬಿ ಕಾಣುವ ಮೃದ್ವಸ್ಥಿಯ ಹಿಂದೆ, ಉಸಿರಿನ ಕೊಳವೆಯ ಮೇಲ್ತುದಿಯಲ್ಲಿ, ಎಡಕ್ಕೊಂದು ಬಲಕ್ಕೊಂದು ಎರಡು ಮಡಿಕೆಗಳಿವೆ. ಸುಮ್ಮನೆ ಉಸಿರಾಡುವಾಗ ಅವು ದೂರ ಸರಿದಿರುತ್ತವೆ. ಮಾತಾಡಬೇಕೆಂದಾಗ ಹತ್ತಿರ ಬಂದು ದಾರಿ ಮುಚ್ಚುತ್ತವೆ. ಶ್ವಾಸಕೋಶದಿಂದ ಬಂದ ಗಾಳಿ ಕೆಳಗೆ ಒತ್ತಿ ಅವನ್ನು ತಳ್ಳಿ ತೆರೆಯುತ್ತದೆ. ಗಾಳಿ ನುಗ್ಗಿದೊಡನೆ ಅಲ್ಲಿನ ಒತ್ತಡ ಇಳಿಯುತ್ತದೆ. ಮಡಿಕೆಗಳ ಸ್ವಂತ ಬಿಗುವೂ ಸೇರಿ ಮತ್ತೆ ಮುಚ್ಚಿಕೊಳ್ಳುತ್ತವೆ. ಗಂಡಸಿನ ಮಾತಿನಲ್ಲಿ ಇದು ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸಿನ ಮಾತಿನಲ್ಲಿ ಸುಮಾರು 200 ಸಲ ನಡೆಯುತ್ತದೆ. ಅಲ್ಲಿ ಹುಟ್ಟುವುದು ಬರಿಯ ಝೇಂಕಾರ. ಅದನ್ನು ಅ, ಇ, ಉ ಎಂದು ಬೇರ್ಪಡಿಸುವುದು ಮೇಲಿನ ಗಂಟಲು, ನಾಲಗೆ, ತುಟಿ.

ಹಾಡುವುದಕ್ಕೆ ಬೇರೆ ಅಂಗವೇನೂ ಇಲ್ಲ, ಇದೇ ಮಡಿಕೆಗಳೇ. ಅವನ್ನು ಎಳೆದು ತೆಳ್ಳಗೆ ಮಾಡಿದಷ್ಟೂ ಸ್ಥಾಯಿ ಏರುತ್ತದೆ. ಒಂದನೇ ಮನೆಯ ಶ್ರುತಿಗೆ ಹಾಡುವ ಗಂಡಸಿನ ಮಧ್ಯ ಷಡ್ಜ ಸುಮಾರು 130 ಕಂಪನವಾದರೆ ತಾರ ಷಡ್ಜ ಅದರ ಎರಡರಷ್ಟು. ದನಿ ಜೋರಾಗುವುದು ಕೆಳಗಿನ ಗಾಳಿಯ ಒತ್ತಡ ಹೆಚ್ಚಿದಾಗ.

ಇದನ್ನು ನಮ್ಮ ಹಿಂದಿನವರು ಕಿವಿಯಿಂದಲೇ ಬಹಳ ದೂರ ಅರಿತಿದ್ದರು. ಕಂಠದ ದಾರಿ ತೆರೆದಿದ್ದರೆ ಶ್ವಾಸ, ಮುಚ್ಚಿದ್ದರೆ ನಾದ, ಎರಡರ ನಡುವಿನ ಸ್ಥಿತಿಯಲ್ಲಿ ಹಕಾರ ಎಂದು ತೈತ್ತಿರೀಯ ಪ್ರಾತಿಶಾಖ್ಯ ವಿಂಗಡಿಸುತ್ತದೆ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಶಬ್ದದ ಹುಟ್ಟನ್ನು ಕಹಳೆಗೆ ಹೋಲಿಸಿದ. ಅವನು ಅದರ ಮೂಲವನ್ನು ನಾಭಿಯಲ್ಲಿ ಇಟ್ಟನೆಂಬುದು ನಿಜ. ಆದರೂ ಹೋಲಿಕೆ ಸೊಗಸಾಗಿದೆ, ಏಕೆಂದರೆ ಕಹಳೆಯಲ್ಲಿ ಅದುರುವುದು ಊದುವವನ ತುಟಿ. ಗಂಟಲ ಮಡಿಕೆಗಳ ಅದುರುವಿಕೆಯೂ ಅದೇ ತೆರನಾದದ್ದು. ಫ್ರಾನ್ಸಿನ ಫೆರೈನ್ 1741ರಲ್ಲಿ ಇವನ್ನು ತಂತಿಗಳೆಂದು ತಿಳಿದು ಆ ಹೆಸರನ್ನೇ ಇಟ್ಟ. ನಮ್ಮ ಪಠ್ಯಗಳ ‘ಧ್ವನಿತಂತು’ ಅದೇ ಕಲ್ಪನೆಯದು. 1854ರಲ್ಲಿ ಗಾಯನ ಗುರು ಮಾನ್ಯುಯೆಲ್ ಗಾರ್ಸಿಯ ಪುಟ್ಟ ಕನ್ನಡಿಯಿಂದ ತನ್ನ ಗಂಟಲನ್ನೇ ನೋಡಿಕೊಂಡ. ಗಾಳಿಯ ಒತ್ತಡ, ಮಡಿಕೆಯ ಬಿಗುವು ಎರಡೂ ಸೇರಿ ನಡೆಸುವ ಕೆಲಸವಿದು ಎಂಬ ವಿವರಣೆಯನ್ನು 1958ರಲ್ಲಿ ವಾನ್ ಡೆನ್ ಬರ್ಗ್ ಗಟ್ಟಿಗೊಳಿಸಿದ. ಆದ್ದರಿಂದ ‘ತಂತು’ ಎಂಬುದಕ್ಕಿಂತ ‘ಮಡಿಕೆ’ ಎಂಬ ಮಾತೇ ವಸ್ತುಸ್ಥಿತಿಗೆ ಹತ್ತಿರ.

ಈಗ ನಮ್ಮ ಮೂರು ಮಾತುಗಳಿಗೆ ಬರೋಣ. ‘ಪ್’ ಎನ್ನುವಾಗ ತುಟಿ ಮುಚ್ಚಿರುತ್ತದೆ, ಗಂಟಲ ಮಡಿಕೆ ತೆರೆದಿರುತ್ತದೆ. ತುಟಿಯ ಬಿಗಿ ಸಡಿಲವಾಗುತ್ತ ಹೋದರೆ ಕಡೆಗೆ ಉಳಿಯುವುದು ಗಂಟಲಿನ ಉಸಿರು ಮಾತ್ರ, ಅದೇ ‘ಹ್’. ಹಳಗನ್ನಡದ ಪಾಲ್, ಪುಲಿ, ಪಾವು, ಪೋಗು ಎಂಬಿವು ಸುಮಾರು 10ರಿಂದ 14ನೆಯ ಶತಮಾನದೊಳಗೆ ಹಾಲು, ಹುಲಿ, ಹಾವು, ಹೋಗು ಆದವು. ತೆಲುಗಿನ ಪಾಲು, ಪುಲಿ, ಪಾಮು ಹಾಗೇ ನಿಂತವು. ಇದಕ್ಕೆ ಮಡಕಶಿರಾ ಸೀಮೆಯಲ್ಲೇ ಒಳ್ಳೆಯ ಸಾಕ್ಷಿ ಇದೆ. ನೊಳಂಬರ ರಾಜಧಾನಿಯಾಗಿದ್ದ ಇಂದಿನ ಹೇಮಾವತಿಯ ಹಳೆಯ ಹೆಸರು ಪೆಂಜೇರು. ಅದೇ ಹೆಂಜೇರು ಆಯಿತು. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ಒತ್ತಕ್ಷರದಲ್ಲಿ ತುಟಿಯ ಬಿಗಿ ಸಡಿಲಲಿಲ್ಲ. ಪತ್ತು ‘ಹತ್ತು’ ಆದರೂ ಇಪ್ಪತ್ತು, ಎಪ್ಪತ್ತುಗಳಲ್ಲಿ ಹಳೆಯ ಪಕಾರ ಇನ್ನೂ ಜೀವಂತವಾಗಿದೆ.

ಹಕಾರ ಬಿದ್ದುಹೋಗುವುದು ಇದರ ಮುಂದಿನ ಮೆಟ್ಟಿಲು. ‘ಹಾಲು’ ಎನ್ನುವಾಗ ಮಡಿಕೆಗಳು ಮೊದಲು ಅಗಲವಾಗಿದ್ದು, ಉಸಿರು ಸೋರಿದ ಮೇಲೆ ಕೂಡಿ ಅದುರತೊಡಗುತ್ತವೆ. ‘ಆಲು’ ಎನ್ನುವಾಗ ಮೊದಲೇ ಕೂಡಿರುತ್ತವೆ. ಇಷ್ಟೇ ವ್ಯತ್ಯಾಸ. ಇದು ಈ ಗಡಿಯೊಂದರ ಗುಣವಲ್ಲ, ಕರ್ನಾಟಕದ ಹಲವು ಹಳ್ಳಿಗಳ ಆಡುಮಾತಿನಲ್ಲೂ ಉಂಟು. ಸಂಗೀತ ಕಲಿಸುವವರು ಆಕಾರ ಸಾಧನೆಯಲ್ಲಿ ‘ಹಾ ಹಾ’ ಎಂದು ಉಸಿರು ತಳ್ಳಬೇಡ, ‘ಆ’ ಎಂದು ಹಿಡಿ ಎಂದು ತಿದ್ದುತ್ತಾರೆ. ಹಕಾರದಲ್ಲಿ ಉಸಿರು ಪೋಲಾಗುತ್ತದೆಂಬುದೇ ಕಾರಣ. ಪಾಠದ ಕೋಣೆಯಲ್ಲಿ ಗುಣವೆನಿಸುವುದು ತರಗತಿಯಲ್ಲಿ ದೋಷವೆನಿಸುತ್ತದೆ.

ಹಾಗೆಂದು ಬರವಣಿಗೆಯಲ್ಲಿ ಹಕಾರ ಬೇಡವೆಂದು ಇಲ್ಲಿ ವಾದಿಸುತ್ತಿಲ್ಲ. ‘ಹಕ್ಕಿ’ಯೂ ‘ಅಕ್ಕಿ’ಯೂ ಒಂದೇ ಆದರೆ ಓದುಗನಿಗೆ ತೊಡಕು; ಮಗು ಎರಡನ್ನೂ ಕಲಿಯಲೇಬೇಕು. ಆದರೆ ‘ನಿನಗೆ ನಾಲಗೆ ತಿರುಗೋದಿಲ್ಲ’ ಎಂದು ಮೂದಲಿಸಿದರೆ ಮಗು ಗಟ್ಟಿಯಾಗಿ ಓದುವುದನ್ನೇ ಬಿಡುತ್ತದೆ. ಹೊರಗೆಲ್ಲ ತೆಲುಗಿರುವ ಊರಲ್ಲಿ ಹಾಗೆ ಬಾಯಿ ಮುಚ್ಚಿದ ಮಗು ಕನ್ನಡವನ್ನೇ ಬಿಟ್ಟೀತು. ನಿಜಕ್ಕೂ ನಾಲಗೆಗೆ ಇಲ್ಲಿ ಕೆಲಸವೇ ಇಲ್ಲ. ಕತ್ತಿನ ಮೇಲೆ ಬೆರಳಿಟ್ಟು ‘ಹಾ’, ‘ಆ’ ಎಂದು ಹೇಳಿಸಿದರೆ ಅದುರು ಯಾವಾಗ ಶುರುವಾಗುತ್ತದೆಂದು ಮಗುವಿಗೇ ತಿಳಿಯುತ್ತದೆ. ಬೈಗುಳಕ್ಕಿಂತ ಈ ಪಾಠ ಮೇಲು.

ಅಜ್ಜಿಯ ‘ಆಲು’ ಕೆಟ್ಟ ಕನ್ನಡವಲ್ಲ. ಪೆಂಜೇರು ಹೆಂಜೇರಾದ ದಾರಿಯಲ್ಲೇ ಇನ್ನೊಂದು ಹೆಜ್ಜೆ ಮುಂದೆ ಹೋದ ಕನ್ನಡ. ಕಣೇಕಲ್ಲು, ರಾಯದುರ್ಗ, ಮಡಕಶಿರಾಗಳಲ್ಲಿ ಯಾರ ಬಾಯಲ್ಲಿ, ಯಾವ ಪದಗಳಲ್ಲಿ ಹಕಾರ ಉಳಿದಿದೆ, ಎಲ್ಲಿ ಬಿದ್ದಿದೆ ಎಂಬುದನ್ನು ಊರೂರಿನ ಹಿರಿಯರ ಮಾತಿನಿಂದ ದಾಖಲಿಸಿಡುವುದು ಈ ಸೀಮೆಯವರೇ ಕೈಗೊಳ್ಳಬೇಕಾದ ಕೆಲಸ.