ಟ್ರಿಪ್ಟೊಫ್ಯಾನ್ (ಆಹಾರ ಪೂರಕ)

ಟ್ರಿಪ್ಟೊಫ್ಯಾನ್ ಮಾನವ ಶರೀರವು ತಾನಾಗಿ ತಯಾರಿಸಿಕೊಳ್ಳಲಾರದ, ಆಹಾರದಿಂದಲೇ ಪಡೆಯಬೇಕಾದ ಒಂಬತ್ತು ಅತ್ಯಾವಶ್ಯಕ ಅಮೈನೊ ಆಮ್ಲಗಳಲ್ಲಿ ಒಂದು. ಇಂಗ್ಲೆಂಡಿನ ಜೀವರಸಾಯನ ವಿಜ್ಞಾನಿ ಫ್ರೆಡರಿಕ್ ಗೌಲೆಂಡ್ ಹಾಪ್ಕಿನ್ಸ್ 1901ರಲ್ಲಿ ಇದನ್ನು ಹಾಲಿನ ಕೇಸೀನ್ ಪ್ರೋಟೀನಿನಿಂದ ಬೇರ್ಪಡಿಸಿದರು. ಹಾಲು, ಮೊಟ್ಟೆ, ಮಾಂಸ, ಎಳ್ಳು, ಶೇಂಗಾ ಮತ್ತು ಸೋಯಾಗಳಲ್ಲಿ ಇದು ದೊರೆಯುತ್ತದೆ, ಮೆಕ್ಕೆಜೋಳದಲ್ಲಿ ಕಡಿಮೆ. ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನವೊಂದಕ್ಕೆ ಸುಮಾರು 4 ಮಿಲಿಗ್ರಾಂ ಸಾಕು. ಇಷ್ಟನ್ನು ಸಮತೋಲನದ ಊಟವೇ ಒದಗಿಸುತ್ತದೆ.

ಶರೀರದಲ್ಲಿ ಕಾರ್ಯ

ಪ್ರೋಟೀನ್ ರಚನೆಯಲ್ಲದೆ, ಮನಃಸ್ಥಿತಿಗೆ ಸಂಬಂಧಿಸಿದ ಸೆರೊಟೋನಿನ್, ನಿದ್ರೆಗೆ ಸಂಬಂಧಿಸಿದ ಮೆಲಟೋನಿನ್ ಹಾಗೂ ನಯಾಸಿನ್ ಜೀವಸತ್ವ ಇದರಿಂದ ಉತ್ಪತ್ತಿಯಾಗುತ್ತವೆ. ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫ್ಯಾನಿನಿಂದ 1 ಮಿಲಿಗ್ರಾಂ ನಯಾಸಿನ್ ದೊರೆಯುತ್ತದೆ. ಇವೆರಡರ ಕೊರತೆಯಿಂದ ಪೆಲಾಗ್ರ ರೋಗ ಬರುತ್ತದೆ. ದಖ್ಖನ್ ಪ್ರಸ್ಥಭೂಮಿಯಲ್ಲಿ ಜೋಳವನ್ನೇ ನೆಚ್ಚಿದ ಬಡವರಲ್ಲಿ ಕಂಡುಬಂದ ಪೆಲಾಗ್ರಕ್ಕೆ ಜೋಳದಲ್ಲಿರುವ ಅಧಿಕ ಲ್ಯೂಸೀನ್ ಕಾರಣವಿರಬಹುದೆಂದು ಪೋಷಣಾ ವಿಜ್ಞಾನಿ ಸಿ. ಗೋಪಾಲನ್ ಪ್ರತಿಪಾದಿಸಿದ್ದರು.

ಬಳಕೆ

ನಿದ್ರಾಹೀನತೆ ಮತ್ತು ಖಿನ್ನತೆಗಾಗಿ ಇದರ ಮಾತ್ರೆಗಳನ್ನು ಸೇವಿಸುವುದುಂಟು. 1 ಗ್ರಾಂ ಅಥವಾ ಹೆಚ್ಚಿನ ಪ್ರಮಾಣವು ನಿದ್ದೆ ಹತ್ತುವ ಸಮಯವನ್ನು ತುಸು ಕಡಿಮೆ ಮಾಡಬಹುದು. ಮಲಗುವ ಮುನ್ನ ಕುಡಿಯುವ ಒಂದು ಲೋಟ ಹಾಲಿನಲ್ಲಿರುವುದು ಇದರ ಹತ್ತನೆಯ ಒಂದು ಪಾಲಿನಷ್ಟು ಮಾತ್ರ. ಆದ್ದರಿಂದ ಹಾಲಿನ ನಿದ್ದೆಗೆ ಟ್ರಿಪ್ಟೊಫ್ಯಾನೇ ಕಾರಣವೆಂಬ ಜನಪ್ರಿಯ ವಿವರಣೆಯನ್ನು ಒಪ್ಪುವುದು ಕಷ್ಟ. ಖಿನ್ನತೆಯ ವಿಷಯದಲ್ಲಿ, ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಪರಿಶೀಲಿಸಿದ ಕಾಕ್ರೇನ್ ವಿಮರ್ಶೆಗೆ ಗುಣಮಟ್ಟದವೆನಿಸಿದ್ದು ಎರಡೇ.

1989ರ ದುರಂತ

1989ರ ಶರತ್ಕಾಲದಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ವೈದ್ಯರು ಒಂದು ವಿಚಿತ್ರ ಕಾಯಿಲೆಯನ್ನು ಗುರುತಿಸಿದರು. ರೋಗಿಗಳಿಗೆ ಅಸಹನೀಯ ಸ್ನಾಯುನೋವು. ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿಯ ಕಣಗಳ ವಿಪರೀತ ಏರಿಕೆ. ಎಲ್ಲರೂ ಟ್ರಿಪ್ಟೊಫ್ಯಾನ್ ಸೇವಿಸಿದವರಾಗಿದ್ದರು. ಇಯೊಸಿನೊಫಿಲಿಯ-ಮಯಾಲ್ಜಿಯ ಸಿಂಡ್ರೋಮ್ ಎಂದು ಹೆಸರಾದ ಈ ರೋಗ 1,500ಕ್ಕೂ ಹೆಚ್ಚು ಜನರನ್ನು ಬಾಧಿಸಿತು. ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರು. ಹಲವರಿಗೆ ನರ ಮತ್ತು ಸ್ನಾಯುಗಳ ತೊಂದರೆ ವರ್ಷಗಟ್ಟಲೆ ಉಳಿಯಿತು. ಬಹುಪಾಲು ಪ್ರಕರಣಗಳ ಜಾಡು ಜಪಾನಿನ ಶೋವಾ ಡೆಂಕೊ ಕಂಪನಿಯ ಸರಕನ್ನು ತಲುಪಿತು. ಆ ಕಂಪನಿಯು ಕುಲಾಂತರಿ ಬ್ಯಾಕ್ಟೀರಿಯದ ಹೊಸ ತಳಿಯನ್ನು ಬಳಸತೊಡಗಿತ್ತು; ಶುದ್ಧೀಕರಣಕ್ಕೆ ಬೇಕಾದ ಸಕ್ರಿಯ ಇದ್ದಿಲನ್ನೂ ಕಡಿಮೆ ಮಾಡಿತ್ತು. ಸರಕಿನಲ್ಲಿ ಕಲ್ಮಶಗಳು ಪತ್ತೆಯಾದರೂ, ರೋಗಕ್ಕೆ ಕಾರಣವಾದ ಕಲ್ಮಶ ಯಾವುದೆಂಬ ಚರ್ಚೆ ಮುಗಿದಿಲ್ಲ. ಅಮೆರಿಕ ಸರ್ಕಾರ ಮಾತ್ರೆಗಳನ್ನು ಮಾರುಕಟ್ಟೆಯಿಂದ ಹಿಂತೆಗೆಸಿ ಆಮದನ್ನು ನಿರ್ಬಂಧಿಸಿತು. 2001ರಲ್ಲಿ ನಿರ್ಬಂಧವನ್ನು ಸಡಿಲಿಸಿತು.

ಎಚ್ಚರಿಕೆ

ಓಕರಿಕೆ, ತೂಕಡಿಕೆ, ತಲೆಸುತ್ತು ಸಾಮಾನ್ಯ ಅಡ್ಡಪರಿಣಾಮಗಳು. ಖಿನ್ನತೆ ನಿವಾರಕ ಔಷಧಗಳೊಡನೆ ಸೇವಿಸಿದರೆ ಸೆರೊಟೋನಿನ್ ಮಿತಿಮೀರಿ ನಡುಕ, ಜ್ವರ, ಗೊಂದಲ ಉಂಟಾಗಿ ಪ್ರಾಣಕ್ಕೂ ಅಪಾಯವಾಗಬಹುದು. ಅಂಥ ಔಷಧ ಸೇವಿಸುತ್ತಿರುವವರು, ಗರ್ಭಿಣಿಯರು ಮತ್ತು ಹಾಲುಣಿಸುವ ತಾಯಂದಿರು ವೈದ್ಯರ ಸಲಹೆಯಿಲ್ಲದೆ ಇದನ್ನು ಸೇವಿಸಬಾರದು.